ಮೂವತ್ತನಾಲ್ಕನೇ ತಿಂಗಳು

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಹೆತ್ತವರನ್ನು 'ಮಗ ಕಂಪ್ಯೂಟರಿನಲ್ಲಿ ಏನು ಕಲಿತ?' ಎಂದು ಕೇಳಿ ನೋಡಿ. 'ಎಕ್ಸೆಲ್ ಬರುತ್ತೆ ಸಾರ್' ಎನ್ನುತ್ತಾರೆ. ನಿಜವಾಗಿ ಬರುವುದು ಅಂಕಪಟ್ಟಿ ಟೈಪ್ ಮಾಡಿ, ಮೊತ್ತ ಕೂಡಿಸಿ, ತಲೆಬರಹಕ್ಕೆ ಬಣ್ಣ ಹಚ್ಚುವುದಷ್ಟೇ. ಪರೀಕ್ಷೆಗೆ ಅದು ಸಾಕು, ಬದುಕಿಗೆ ಸಾಲದು.

1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 'ವಿಸಿಕ್ಯಾಲ್ಕ್' ಎಂಬ ಸ್ಪ್ರೆಡ್‌ಶೀಟ್ ತಯಾರಿಸಿದರು. ಕಪ್ಪುಹಲಗೆಯ ಮೇಲಿನ ದೊಡ್ಡ ಲೆಕ್ಕದಲ್ಲಿ ಒಂದು ಅಂಕಿ ಬದಲಾದರೆ ಉಳಿದದ್ದನ್ನೆಲ್ಲ ಅಳಿಸಿ ಬರೆಯಬೇಕಿತ್ತು. ಆ ಕಷ್ಟವನ್ನು ತಪ್ಪಿಸುವುದೇ ಅದರ ಉದ್ದೇಶ. ಅಂದರೆ ಸ್ಪ್ರೆಡ್‌ಶೀಟ್ ಇರುವುದು 'ಹೀಗಾದರೆ ಏನಾಗುತ್ತದೆ?' ಎಂದು ಕೇಳುವುದಕ್ಕೆ.

ಈ ಪ್ರಶ್ನೆಯ ಬೆಲೆ ನಮ್ಮ ಸಮುದಾಯಕ್ಕೆ ಗೊತ್ತು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ಶಿವಾಜಿನಗರದ ಕಚೇರಿಯ ಮುಂದೆ ಜನ ನೆರೆದರು. ಸಾವಿರಾರು ಮಂದಿ ದೂರು ಕೊಟ್ಟರು, ತನಿಖೆ ಸಿಬಿಐವರೆಗೆ ಹೋಯಿತು. 'ಹಲಾಲ್ ಲಾಭ' ಎಂಬ ಮಾತು ನಂಬಿ ಮಗಳ ಮದುವೆಯ ಹಣ, ನಿವೃತ್ತಿಯ ಹಣ ತೊಡಗಿಸಿದವರೇ ಹೆಚ್ಚು. ಅವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: 'ಇಷ್ಟು ದಿನ ಸರಿಯಾಗಿ ಕೊಡುತ್ತಿದ್ದರಲ್ಲ!'

ಈ ಮಾತನ್ನೇ ಪಾಠವಾಗಿಸಬಹುದು. ಮಕ್ಕಳಿಗೆ ಹೀಗೊಂದು ಲೆಕ್ಕ ಕೊಡಿ. ನೂರು ಮಂದಿ ತಲಾ ಒಂದು ಲಕ್ಷ ಕೊಟ್ಟರು, ಒಟ್ಟು ಒಂದು ಕೋಟಿ. ತಿಂಗಳಿಗೆ ಶೇ. 3ರಂತೆ 'ಲಾಭ' ಹಂಚಬೇಕು. ಆದರೆ ಸಂಸ್ಥೆಗೆ ಯಾವ ವ್ಯಾಪಾರವೂ ಇಲ್ಲ. ಮೊದಲ ಕಾಲಂನಲ್ಲಿ ತಿಂಗಳು, ಎರಡನೆಯದರಲ್ಲಿ ಕೈಯಲ್ಲಿರುವ ಹಣ, ಮೂರನೆಯದರಲ್ಲಿ ವ್ಯಾಪಾರದ ಲಾಭ, ನಾಲ್ಕನೆಯದರಲ್ಲಿ ಹಂಚಿದ ಹಣ. ಶೇಕಡಾವನ್ನು ಸೂತ್ರದೊಳಗೆ ಹುದುಗಿಸದೆ ಪ್ರತ್ಯೇಕ ಸೆಲ್‌ನಲ್ಲಿಡಬೇಕು. ವ್ಯಾಪಾರದ ಲಾಭ ಸೊನ್ನೆ. ಸೂತ್ರವನ್ನು ಕೆಳಗೆ ಎಳೆಯಿರಿ.

ಪ್ರತಿ ತಿಂಗಳೂ ಮೂರು ಲಕ್ಷ ಹೋಗುತ್ತದೆ. 33 ತಿಂಗಳು ಎಲ್ಲರಿಗೂ ಹೇಳಿದ ದಿನಕ್ಕೆ ಹಣ ಸಿಗುತ್ತದೆ. 34ನೇ ತಿಂಗಳಿಗೆ ಉಳಿದಿರುವುದು ಒಂದೇ ಲಕ್ಷ! ಸುಮಾರು ಮೂರು ವರ್ಷ ಜನರಿಗೆ ಸಿಕ್ಕಿದ್ದು ಅವರದೇ ಅಸಲು.

ಈಗ 3ರ ಬದಲು 2 ಹಾಕಿ, 50 ತಿಂಗಳು ನಡೆಯುತ್ತದೆ. 1 ಹಾಕಿದರೆ 100 ತಿಂಗಳು. ಲಾಭದ ಆಸೆ ಸಣ್ಣದಾದಷ್ಟೂ ಮೋಸ ಹೊರಬೀಳುವುದು ತಡ. ಹೊಸಬರ ಹಣದಿಂದ ಹಳಬರಿಗೆ ಕೊಟ್ಟರೆ? ಆ ಒಂದು ಕೋಟಿ ಕರಗದಿರಬೇಕಾದರೆ ಸದಸ್ಯರು ತಿಂಗಳಿಗೆ ಶೇ. 3ರಂತೆ ಹೆಚ್ಚಬೇಕು. ಎರಡು ವರ್ಷಕ್ಕೆ ನೂರು ಮಂದಿ ಇನ್ನೂರಾಗಬೇಕು, ಹತ್ತು ವರ್ಷಕ್ಕೆ 3,400 ದಾಟಬೇಕು. ಅಷ್ಟು ಜನರನ್ನು ತರುವವರು ಯಾರು? ನಮ್ಮ ಅಣ್ಣತಮ್ಮಂದಿರು, ನೆರೆಯವರೇ ತಾನೆ?

ಕೊನೆಗೆ ಮಕ್ಕಳನ್ನು ಮೂರನೇ ಕಾಲಂಗೆ ಕರೆತನ್ನಿ. ಪೀಣ್ಯದ ಸಣ್ಣ ವರ್ಕ್‌ಶಾಪಿನವರು ಅದನ್ನು ತುಂಬಬಲ್ಲರು: ಜಾಬ್‌ವರ್ಕ್ ಬಿಲ್ಲು, ಅದರಿಂದ ಕಳೆಯಬೇಕಾದ ಕೂಲಿ, ಕರೆಂಟು, ಬಾಡಿಗೆ. ಅಲ್ಲಿನ ಅಂಕಿ ಒಂದು ತಿಂಗಳು ಏರುತ್ತದೆ, ಇನ್ನೊಂದು ತಿಂಗಳು ಇಳಿಯುತ್ತದೆ. ನಮ್ಮ ಫಿಕ್ಹ್ ಹೇಳುವ ಪಾಲುದಾರಿಕೆಯೂ ಹಾಗೆಯೇ. ಬಂಡವಾಳ ಹಾಕಿದವನಿಗೆ ಲಾಭದಲ್ಲಿ ಪಾಲುಂಟು, ನಷ್ಟದ ಹೊಣೆಯೂ ಉಂಟು. ತಿಂಗಳು ತಿಂಗಳೂ ಒಂದೇ ಮೊತ್ತ ಕೊಡುತ್ತೇವೆ ಎನ್ನುವವರನ್ನು ಆ ಕಾಲಂನ ಲೆಕ್ಕ ಕೇಳಲೇಬೇಕು. ಕೊಡದಿದ್ದರೆ ಹಣವನ್ನೂ ಕೊಡಬಾರದು. ಠೇವಣಿ ಪಡೆಯಲು ಅನುಮತಿ ಇದೆಯೇ ಎಂಬುದನ್ನು ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ನೋಡಬಹುದು.

ಇದಕ್ಕೆ ದುಬಾರಿ ಕೋರ್ಸ್ ಬೇಡ. ಲಿಬ್ರೆ ಆಫೀಸ್ ಉಚಿತ, ಗೂಗಲ್ ಶೀಟ್ಸ್ ಮೊಬೈಲಿನಲ್ಲೇ ಸಿಗುತ್ತದೆ. ಈ ರಜಾದಿನ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಮನೆಯವರು ಹಣ ಹಾಕಬೇಕೆಂದಿರುವ ಯೋಜನೆಯ ಅಂಕಿಗಳನ್ನು ತುಂಬಿಸಿ ನೋಡಿ. ಸಹಿ ಹಾಕುವುದು ಆಮೇಲಿರಲಿ.