ದೈತ್ಯನಿಗೆ ಕೇಳಿಸಿದ ಮೊದಲ ದನಿ

ಬಾಲ್ಯದಲ್ಲಿ ರುಚಿಸಿದ ತಿಂಡಿಯನ್ನೂ ಬಾಲ್ಯದಲ್ಲಿ ಮೆಚ್ಚಿದ ಕಥೆಯನ್ನೂ ವಯಸ್ಸಾದ ಮೇಲೆ ಮತ್ತೆ ಪರೀಕ್ಷೆಗೆ ಒಡ್ಡಬಾರದೆಂದು ಅನುಭವಸ್ಥರು ಹೇಳುವುದುಂಟು. ತಿಂಡಿಯ ಮಟ್ಟಿಗೆ ಈ ಮಾತು ನಿಲ್ಲದೆಂಬುದಕ್ಕೆ, ೧೯೪೩ರಿಂದ ಗಾಂಧಿ ಬಜಾರಿನಲ್ಲಿ ನಡೆದುಬಂದಿರುವ ವಿದ್ಯಾರ್ಥಿ ಭವನದ ಬಾಗಿಲಲ್ಲಿ ಭಾನುವಾರ ಬೆಳಗ್ಗೆ ದೋಸೆಗಾಗಿ ಕಾದು ನಿಲ್ಲುವ ನರೆತ ತಲೆಯ ಮಹನೀಯರೇ ಸಾಕ್ಷಿ. ಕಥೆಯ ಮಟ್ಟಿಗೆ ಅದೆಷ್ಟು ನಿಜವೆಂದು ನೋಡಿಯೇ ಬಿಡೋಣವೆನಿಸಿ, ೧೯೮೦ರ ದಶಕದಲ್ಲಿ ದೂರದರ್ಶನವು ನಮಗೆ ತೋರಿಸಿದ್ದ ‘ಜೈಂಟ್ ರೋಬೋಟ್’ ಮಾಲೆಯ ಮೊದಲನೆಯ ಕಂತನ್ನು ಈಚೆಗೆ ಮತ್ತೊಮ್ಮೆ ನೋಡಿದೆ.

ಬಸವನಗುಡಿಯ ಹುಡುಗರಾದ ನಾವು ಅದನ್ನು ಕಾರ್ಟೂನು ಎಂದೇ ಕರೆಯುತ್ತಿದ್ದೆವು. ನಿಜಕ್ಕೆ ಅದರಲ್ಲಿ ಕೈಯಿಂದ ಬರೆದ ಚಿತ್ರ ಒಂದೂ ಇಲ್ಲ. ಚಿತ್ರಕಥೆಗಾರ ಮಿತ್ಸುತೆರು ಯೊಕೊಯಾಮ ಅವರ ಕಥೆಯನ್ನು ಹಿಡಿದು ಜಪಾನಿನ ತೋಯೆ ಸಂಸ್ಥೆಯವರು ನಿಜವಾದ ನಟರನ್ನೂ ರಬ್ಬರಿನ ಉಡುಪು ತೊಟ್ಟ ರಾಕ್ಷಸರನ್ನೂ ಕೂಡಿಸಿ, ೧೯೬೭ರ ಅಕ್ಟೋಬರಿನಿಂದ ೧೯೬೮ರ ಏಪ್ರಿಲಿನವರೆಗೆ ೨೬ ಕಂತುಗಳಲ್ಲಿ ಪ್ರಸಾರ ಮಾಡಿದರು. ಅಮೆರಿಕದವರು ಅದಕ್ಕೆ ಇಂಗ್ಲಿಷ್ ಮಾತು ತುಂಬಿದರು. ನಮಗೆ ಬಂದದ್ದು ಆ ರೂಪ. ಕುಸಾಮ ದೈಸಾಕು ಎಂಬ ಬಾಲಕನಿಗೆ ಅವರು ಜಾನಿ ಸಾಕೋ ಎಂದು ನಾಮಕರಣ ಮಾಡಿದರು. ಅವರ ಕಿವಿಗೆ ಅದು ಜಪಾನೀ ಹೆಸರಿನಂತೆ ಕೇಳಿಸಿತೋ ಏನೋ. ನಮ್ಮ ಕಿವಿಗೆ ಅಜ್ಜಿಯ ಗದರಿಕೆಯಂತೆ ಕೇಳಿಸುತ್ತಿತ್ತು. ಪಡಸಾಲೆಯಲ್ಲಿ ಹತ್ತು ಹುಡುಗರು ಒಟ್ಟಿಗೆ “ಸಾಕೋ, ಸಾಕೋ” ಎಂದು ಕಿರುಚಿದರೆ ಒಳಗಿನಿಂದ ಹಿರಿಯರು, “ಅದನ್ನೇ ನಾವೂ ಹೇಳುತ್ತಿರುವುದು” ಎನ್ನದೆ ಇದ್ದಾರೆಯೆ?

ಕಥೆಯ ಆರಂಭ ಭರ್ಜರಿಯಾಗಿಯೇ ಇದೆ. ಗಿಲಟಿನ್ ಎಂಬ ಚಕ್ರವರ್ತಿ ಅಂತರಿಕ್ಷದಿಂದ ಇಳಿದು ಬಂದು ಭೂಮಿಯನ್ನು ಗೆಲ್ಲಬೇಕೆಂದು ಸಮುದ್ರದ ತಳದಲ್ಲಿ ಬಿಡಾರ ಹೂಡುತ್ತಾನೆ. ಲೋಕವನ್ನೇ ಗೆಲ್ಲಬಂದವನು ನೀರಿನಡಿಯಲ್ಲಿ ಏಕೆ ಅವಿತುಕೊಳ್ಳಬೇಕೆಂದು ಬಾಲ್ಯದಲ್ಲಿ ನನಗೆ ಸಂದೇಹ ಬರಲಿಲ್ಲ. ದುರ್ಯೋಧನನೂ ವೈಶಂಪಾಯನ ಸರೋವರದಲ್ಲಿ ಅಡಗಿದ್ದನಷ್ಟೆ. ಆದರೆ ದುರ್ಯೋಧನ ಅಡಗಿದ್ದು ಯುದ್ಧದ ಕೊನೆಯಲ್ಲಿ, ಈತನದು ಮೊದಲ ದಿನವೇ. ಇವನ ಭೂಲೋಕದ ಪರಿವಾರಕ್ಕೆ ಗಾರ್ಗಾಯಿಲ್ ತಂಡವೆಂದು ಹೆಸರು. ಅವರು ಗುಹೆಯೊಳಗೂ ಕಪ್ಪು ಕನ್ನಡಕವನ್ನು ತೆಗೆಯುವುದಿಲ್ಲ. ಅವರ ಗುಂಡು ಯಾರಿಗೂ ತಗುಲದಿರುವುದಕ್ಕೆ ಇದೇ ಕಾರಣವೆಂದು ಈಗ ಹೊಳೆಯುತ್ತದೆ.

ಹಡಗಿನಲ್ಲಿ ಪಯಣಿಸುತ್ತಿರುವ ಬಾಲಕ ಜಾನಿಗೂ, ಯೂನಿಕಾರ್ನ್ ಎಂಬ ಲೋಕರಕ್ಷಕ ಸಂಘದ ಗುಪ್ತಚರ ಜೆರಿಗೂ ಪರಿಚಯವಾಗುತ್ತದೆ. ಒಡನೆಯೇ ಡ್ರಾಕೊಲಾನ್ ಎಂಬ ಕಡಲಿನ ರಾಕ್ಷಸ ಹಡಗನ್ನು ಒಡೆಯುತ್ತದೆ. ಇವರಿಬ್ಬರು ಒಂದು ದ್ವೀಪ ಸೇರುತ್ತಾರೆ. ಅದು ಶತ್ರುಗಳ ದ್ವೀಪವೇ ಆಗಿರುತ್ತದೆ. ಸೆರೆಸಿಕ್ಕು, ತಪ್ಪಿಸಿಕೊಂಡು, ಓಡಿ ಓಡಿ ಕಡೆಗೆ ಬಂದು ನಿಲ್ಲುವುದು ದೈತ್ಯನ ಪಾದದ ಬಳಿಯಲ್ಲಿ. ಒಬ್ಬ ವಿಜ್ಞಾನಿಯನ್ನು ಬಲಾತ್ಕಾರದಿಂದ ದುಡಿಸಿ ದುಷ್ಟರು ಆ ದೈತ್ಯನನ್ನು ಕಟ್ಟಿಸಿದ್ದಾರೆ. ಭೂಮಂಡಲವನ್ನು ಗೆಲ್ಲಿಸಿಕೊಡಬೇಕಾದ ಆಯುಧ. ಅದನ್ನು ಆಡಿಸುವುದು ಒಂದು ಕೈಗಡಿಯಾರ. ಅದಾದರೋ ಹುಡುಗನೊಬ್ಬನ ಕೈಗೆ ಆಟದ ಸಾಮಾನಿನಂತೆ ಸುಲಭವಾಗಿ ಸಿಕ್ಕಿಬಿಡುತ್ತದೆ. ನಮ್ಮ ಮುಜರಾಯಿ ದೇವಸ್ಥಾನದ ಹುಂಡಿಗಾದರೂ ಇದಕ್ಕಿಂತ ಭದ್ರವಾದ ಬೀಗವಿರುತ್ತದೆ!

ಹುಡುಗ ಕುತೂಹಲದಿಂದ ಗಡಿಯಾರದೊಳಕ್ಕೆ ಮಾತನಾಡುತ್ತಾನೆ. ಅಲ್ಲಿಗೆ ದುಷ್ಟರ ಕೆಲಸ ಕೆಟ್ಟಿತು. ಏಕೆಂದರೆ ಮೊದಲು ಯಾರ ದನಿ ಕೇಳಿಸಿತೋ ಅವರ ದನಿಗೆ ಮಾತ್ರ ಓಗೊಡಬೇಕೆಂಬುದು ಆ ಯಂತ್ರದ ಕಟ್ಟು. ಸಾಯುವ ಮುನ್ನ ವಿಜ್ಞಾನಿ ಇಟ್ಟಿದ್ದ ಪರಮಾಣು ಬಾಂಬು ಸಿಡಿಯುತ್ತದೆ; ಆ ಶಕ್ತಿಯನ್ನು ಹೀರಿಕೊಂಡು ದೈತ್ಯ ಕಣ್ದೆರೆಯುತ್ತಾನೆ.

ಬಾಲ್ಯದಲ್ಲಿ ನಾನು ಚಪ್ಪಾಳೆ ತಟ್ಟಿದ್ದು ಈ ಸ್ಥಳದಲ್ಲಿ. ಈಗ ತಟ್ಟಲಾಗಲಿಲ್ಲ. ಹಿರೋಶಿಮಾ ಸುಟ್ಟು ಹೋದದ್ದು ೧೯೪೫ರಲ್ಲಿ. ಆಗಿನ್ನೂ ಇಪ್ಪತ್ತೆರಡು ವರ್ಷ ಕಳೆದಿತ್ತು. ಅದೇ ದೇಶದವರು ತಮ್ಮ ಮಕ್ಕಳಿಗಾಗಿ ಕಟ್ಟಿದ ಕಥೆಯಲ್ಲಿ, ಊರನ್ನು ಬೂದಿ ಮಾಡಿದ ಬೆಂಕಿಯೇ ಊರ ಕಾವಲಿನವನನ್ನು ಎಬ್ಬಿಸುತ್ತದೆ. ವಿಷವನ್ನು ಗಂಟಲಲ್ಲಿ ನಿಲ್ಲಿಸಿಕೊಂಡ ದೇವರ ಕಥೆ ಬಲ್ಲ ನಮಗೆ ಇದು ತೀರ ಅಪರಿಚಿತವಲ್ಲ. ನಮ್ಮ ಬಸವನಗುಡಿಯ ಐತಿಹ್ಯ ಮಾತ್ರ ಇದಕ್ಕೆ ತಿರುಗುಮುರುಗು. ಕಡಲೆಕಾಯಿ ಮೇಯುತ್ತಿದ್ದ ಬಸವ ಕಲ್ಲಾಗಿ ಬೆಳೆಯತೊಡಗಿದನಂತೆ, ಬೆಳೆಯುತ್ತಲೇ ಹೋದನಂತೆ, ಜನ ಹೆದರಿ ನೆತ್ತಿಯ ಮೇಲೆ ತ್ರಿಶೂಲ ನಿಲ್ಲಿಸಿ ತಡೆದರಂತೆ. ಹದಿನೈದು ಅಡಿಗೆ ನಿಂತ ಆ ಬಸವನಿಗೆ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಜಪಾನಿನವರು ದೈತ್ಯನನ್ನು ಎಬ್ಬಿಸಿ ಕೆಲಸ ಹೇಳಿದರು. ನಮ್ಮವರು ನಿಲ್ಲಿಸಿ ಪೂಜೆ ಮಾಡಿದರು. ಖರ್ಚಿನ ದೃಷ್ಟಿಯಿಂದ ನಮ್ಮ ಏರ್ಪಾಟೇ ಮೇಲು.

ದೈತ್ಯನ ರೂಪವನ್ನು ಕುರಿತು ಒಂದು ಮಾತು. ತಲೆಗೆ ಪ್ರಾಚೀನ ಈಜಿಪ್ಟಿನ ದೊರೆಗಳ ಶಿರೋಭೂಷಣ, ಬೆನ್ನಿಗೆ ರಾಕೆಟ್ಟು, ಬೆರಳ ತುದಿಯಿಂದ ಹಾರುವ ಕ್ಷಿಪಣಿ, ಮುಖದಲ್ಲಿ ಲೆಕ್ಕದ ಮೇಷ್ಟರ ಬಿಗುಮಾನ. ಒಳಗೆ ಮನುಷ್ಯನಿದ್ದಾನೆಂದು ಮೊಣಕಾಲು ಮಡಿಚಿದಾಗಲೆಲ್ಲ ಗೊತ್ತಾಗುತ್ತದೆ. ಈ ಕಾಲದ ಮಕ್ಕಳಿಗೆ ಇದನ್ನು ತೋರಿಸಿದರೆ ನಗುತ್ತಾರೆ. ಉತ್ಸವದ ಮುಂದೆ ಕುಣಿಯುವ ಗಾರುಡಿಗೊಂಬೆಯನ್ನು ಕಂಡು ಬೆಳೆದವರಿಗೆ ಇದರಿಂದ ರಸಭಂಗವಿಲ್ಲ. ಗೊಂಬೆಯ ಲಂಗದಡಿ ಎರಡು ಬರಿಗಾಲು ಕಾಣುತ್ತಿದ್ದರೂ ತಟ್ಟಿರಾಯ ತಟ್ಟಿರಾಯನೇ. ಅವನು ಬಾಗಿ ಬಂದರೆ ಮಗು ಅಮ್ಮನ ಸೆರಗು ಹಿಡಿಯುತ್ತದೆ.

ನನ್ನನ್ನು ಈ ಸಲ ಹಿಡಿದು ನಿಲ್ಲಿಸಿದ್ದು ಆ ‘ಮೊದಲ ದನಿ’ಯ ಸಂಗತಿ. ಯೊಕೊಯಾಮ ಅವರು ಇದಕ್ಕೆ ಮುಂಚೆ, ೧೯೫೬ರಲ್ಲಿ, ‘ತೆತ್ಸುಜಿನ್ ೨೮’ ಎಂಬ ಉಕ್ಕಿನ ಮನುಷ್ಯನ ಕಥೆಯನ್ನು ಆರಂಭಿಸಿದ್ದರು. ಅದರಲ್ಲಿ ದೈತ್ಯನನ್ನು ಆಡಿಸುವುದು ಒಂದು ಪೆಟ್ಟಿಗೆ. ಪೆಟ್ಟಿಗೆ ಯಾರ ಕೈಯಲ್ಲೋ ದೈತ್ಯ ಅವರ ಪಕ್ಷ. ಕಳ್ಳ ಕದ್ದರೆ ಕಳ್ಳನ ಸೇವಕ. ಮುಂದೆ ಹತ್ತು ವರ್ಷ ಕಳೆದು ಅವರೇ ಕಟ್ಟಿದ ಈ ಎರಡನೆಯ ದೈತ್ಯನಿಗೆ ಪೆಟ್ಟಿಗೆಯ ಬದಲು ಕಿವಿ ಬಂದಿದೆ. ಕೈಗೆ ಸಿಕ್ಕಿದವನ ಆಳಾಗಿದ್ದವನು ಕಂಠವನ್ನು ಗುರುತಿಸುವವನಾದ. ಇದು ದೊಡ್ಡ ಬಡ್ತಿಯೆಂದೇ ನನ್ನ ಎಣಿಕೆ.

‘ರೋಬೋಟ್’ ಎಂಬ ಮಾತಾದರೂ ಆಳಿನಿಂದಲೇ ಹುಟ್ಟಿದ್ದು. ಚೆಕ್ ನಾಟಕಕಾರ ಕಾರೆಲ್ ಚಾಪೆಕ್ ೧೯೨೦ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ನಾಟಕದಿಂದ ಅದು ಲೋಕಕ್ಕೆ ಹಬ್ಬಿತು. ಸೂಚಿಸಿದವನು ಅವನ ಅಣ್ಣ ಯೋಸೆಫ್. ಅವರ ಭಾಷೆಯಲ್ಲಿ ‘ರೋಬೊತ’ ಎಂದರೆ ಒಡೆಯನಿಗಾಗಿ ಕೂಲಿಯಿಲ್ಲದೆ ಮಾಡಬೇಕಾದ ದುಡಿಮೆ. ಅಚ್ಚಗನ್ನಡದಲ್ಲಿ ಬಿಟ್ಟಿ ಚಾಕರಿ. ‘ಯಂತ್ರಮಾನವ’ ಎಂಬ ಗಂಭೀರ ಪದವನ್ನು ನಾವು ಬಳಕೆಗೆ ತಂದುಕೊಂಡೆವು. ‘ಬಿಟ್ಟಿಯಾಳು’ ಎಂದಿದ್ದರೆ ಅರ್ಥವೂ ಸರಿಯಾಗುತ್ತಿತ್ತು, ಹಳ್ಳಿಯ ಮುದುಕರಿಗೂ ತಿಳಿಯುತ್ತಿತ್ತು.

ಇಲ್ಲಿ ಕನ್ನಡದ ಒಂದು ಸೂಕ್ಷ್ಮವಿದೆ. ದೂರದರ್ಶನದ ಜಾನಿ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುತ್ತಿದ್ದ. ನಮ್ಮಲ್ಲಿ ಅನೇಕರಿಗೆ ಆ ಇಂಗ್ಲಿಷು ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ದೈತ್ಯನ ಕೈಕಾಲು ವಿವರಿಸುತ್ತಿತ್ತು. ಆಟ ಮುಗಿದು ಬ್ಯೂಗಲ್ ರಾಕಿನ ಬಂಡೆಗಳ ಮೇಲೆ ನಾವೇ ಜಾನಿಗಳಾದಾಗ ಅಪ್ಪಣೆಗಳು ತಾವಾಗಿ ಕನ್ನಡಕ್ಕೆ ತಿರುಗಿಕೊಂಡವು: ಏಳು, ಹಾರು, ಹೊಡಿ. ಯಾವುದಕ್ಕೂ ಎರಡಕ್ಕಿಂತ ಹೆಚ್ಚು ಅಕ್ಷರ ಬೇಕಾಗಲಿಲ್ಲ. ಆದರೆ ಗಮನಿಸಿ: ಹತ್ತು ವರ್ಷದ ಹುಡುಗ ನೂರು ಅಡಿಯವನಿಗೆ ‘ಹಾರು’ ಎಂದನೇ ಹೊರತು ‘ಹಾರಿ’ ಎನ್ನಲಿಲ್ಲ. ಪಕ್ಕದ ಮನೆಯ ಗುಮಾಸ್ತರಿಗೂ ಬಹುವಚನ ಸಲ್ಲಿಸಬೇಕೆಂದು ಕಿವಿ ಹಿಂಡಿಸಿಕೊಂಡು ಕಲಿತ ಹುಡುಗರು ಇವರು! ಕನ್ನಡದಲ್ಲಿ ನಾವು ಏಕವಚನ ಬಳಸುವುದು ದೇವರಿಗೆ, ತಾಯಿಗೆ, ಗೆಳೆಯನಿಗೆ. ಹಿಂದಿನ ಕಾಲದವರು ಬಿಟ್ಟಿಯಾಳಿಗೂ ಅದನ್ನೇ ಬಳಸಿದರು. ಬಂಡೆಯ ಮೇಲಿನ ಹುಡುಗ ಇವುಗಳಲ್ಲಿ ಯಾವ ಅರ್ಥದಲ್ಲಿ ಆಡಿದನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಆಟ ಕೆಡುತ್ತಿತ್ತು. ಇಂಗ್ಲಿಷಿನ ಜಾನಿಗೆ ಈ ಪ್ರಶ್ನೆಯೇ ಹುಟ್ಟುವಂತಿಲ್ಲ.

ದೈತ್ಯ ನಮ್ಮ ಪಡಸಾಲೆಗೆ ಬರುವಾಗಲೇ ಕನ್ನಡ ಕಲಿತು ಬರಬಹುದಾಗಿತ್ತು. ಬರಲಿಲ್ಲ. ಬಂದಿದ್ದರೂ ಸ್ವಾಗತವಿರುತ್ತಿರಲಿಲ್ಲ. ೧೯೬೦ರ ದಶಕದಲ್ಲಿ ಅ.ನ.ಕೃ. ಮೊದಲಾದ ಹಿರಿಯರು ಡಬ್ಬಿಂಗಿನ ವಿರುದ್ಧ ಚಳವಳಿ ಹೂಡಿದ್ದರು. ಆಗ ಅದಕ್ಕೆ ಕಾರಣವಿತ್ತು. ಕನ್ನಡ ಚಿತ್ರೋದ್ಯಮ ಎಳೆಯದು, ಸ್ಟುಡಿಯೋಗಳಿಗೆ ಮದರಾಸನ್ನು ನೆಚ್ಚಿಕೊಂಡದ್ದು. ಪರಭಾಷೆಯ ಚಿತ್ರಗಳು ಕಡಮೆ ಖರ್ಚಿನಲ್ಲಿ ಕನ್ನಡದ ವೇಷ ತೊಟ್ಟು ಬಂದಿದ್ದರೆ ನಮ್ಮ ನಟರಿಗೂ ತಂತ್ರಜ್ಞರಿಗೂ ಅನ್ನವಿರುತ್ತಿರಲಿಲ್ಲ. ಆ ಹಿರಿಯರ ಋಣ ದೊಡ್ಡದು. ಆದರೆ ಸಸಿಗೆ ಕಟ್ಟಿದ ಬೇಲಿಯನ್ನು ಮರವಾದ ಮೇಲೂ ಬಿಚ್ಚದೆ ಇದ್ದದ್ದು ಸರಿಯೆಂದು ನನಗೆ ತೋರುವುದಿಲ್ಲ. ಯಾವ ಶಾಸನದಲ್ಲಿಯೂ ಬರೆಯದಿದ್ದ ಆ ನಿಷೇಧ ಅರ್ಧ ಶತಮಾನ ನಡೆಯಿತು. ೨೦೦೯ರಲ್ಲಿ ‘ಚಿಂಟು’ ಎಂಬ ಮಕ್ಕಳ ವಾಹಿನಿ ಬಂದು ಪರದೇಶದ ಕಾರ್ಟೂನುಗಳು ಕನ್ನಡ ಮಾತನಾಡತೊಡಗಿದವು. ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗಿಗೆ ಒಡ್ಡಿದ ತಡೆಯನ್ನು ಕಾನೂನಿಗೆ ವಿರುದ್ಧವೆಂದಿತು. ಅಷ್ಟರಲ್ಲಿ ಎರಡು ತಲೆಮಾರಿನ ಮಕ್ಕಳು ಒಂದು ಪಾಠವನ್ನು ಯಾರೂ ಹೇಳಿಕೊಡದೆಯೇ ಕಲಿತಿದ್ದರು: ಅನ್ನಕ್ಕೂ ಗದರಿಕೆಗೂ ಕನ್ನಡ, ಅದ್ಭುತಕ್ಕೆ ಇಂಗ್ಲಿಷು. ನಟನ ಅನ್ನವನ್ನು ಕಾಯಲು ಹೊರಟವರು ಮಗುವಿನ ಕಿವಿಯ ಲೆಕ್ಕವನ್ನು ಇಡಲಿಲ್ಲ.

ಈಗ ಇದೆಲ್ಲ ಕಥೆಯ ಮಾತಾಗಿ ಉಳಿದಿಲ್ಲ. ಮಾತಿಗೆ ಓಗೊಡುವ ಯಂತ್ರ ಮನೆಯ ಮೂಲೆಯಲ್ಲಿಯೂ ಅಂಗಿಯ ಜೇಬಿನಲ್ಲಿಯೂ ಬಂದು ಕುಳಿತಿದೆ. ಚಾಮರಾಜಪೇಟೆಯ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ, ಅಜ್ಜಿಯೊಡನೆ ಕನ್ನಡವಾಡುತ್ತಿದ್ದ ಮಗು ಯಂತ್ರದ ಕಡೆಗೆ ತಿರುಗಿದೊಡನೆ ಮುಖವನ್ನೂ ಭಾಷೆಯನ್ನೂ ಬದಲಾಯಿಸುತ್ತದೆ. ಯಂತ್ರಕ್ಕೆ ಕನ್ನಡ ಬರುವುದಿಲ್ಲವೆಂದಲ್ಲ. ಬರುತ್ತದೆ, ಬಹುವಚನ ಹಚ್ಚಿ ಬಹಳ ಮರ್ಯಾದೆಯಿಂದ ಉತ್ತರಿಸುತ್ತದೆ. ಆದರೆ ಅದು ವಾರ್ತೆ ಓದುವವರ ಕನ್ನಡ. ಕುಂದಾಪುರದವರೋ ಕಲಬುರಗಿಯವರೋ ತಮ್ಮ ಮನೆಯ ಮಾತಿನಲ್ಲಿ ಏನಾದರೂ ಕೇಳಿದರೆ ಅದು ಪದೇ ಪದೇ ತಡವರಿಸುತ್ತದೆ. ಈ ಯಂತ್ರಗಳೂ ಜಾನಿಯ ದೈತ್ಯನ ವಂಶದವೇ: ಮೊದಲು ಯಾರ ದನಿಗಳನ್ನು ಕೇಳಿಸಿಕೊಂಡು ಬೆಳೆದವೋ ಅವರ ಮಾತು ಅವಕ್ಕೆ ಸಲೀಸು. ಉಳಿದವರು ದ್ವೀಪದ ದಡದಲ್ಲಿ ನಿಂತು ಕೂಗಿಕೊಳ್ಳಬೇಕು.

ಮಲ್ಲೇಶ್ವರದ ಉತ್ತರಕ್ಕೆ, ಹಳಬರು ಇಂದಿಗೂ ಟಾಟಾ ಇನ್ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಬಗ್ಗೆ ಒಂದು ಕೆಲಸ ನಡೆದಿದೆ. ಗೂಗಲ್ ಕಂಪನಿಯ ನೆರವಿನಿಂದ ೨೦೨೨ರಲ್ಲಿ ಕೈಗೆತ್ತಿಕೊಂಡ ಆ ಯೋಜನೆಯ ಹೆಸರು ‘ವಾಣಿ’. ಭಾಷೆಗಳ ಪಟ್ಟಿ ಹಿಡಿಯದೆ ಜಿಲ್ಲೆಗಳ ಪಟ್ಟಿ ಹಿಡಿದು, ಜನರ ಮುಂದೆ ಚಿತ್ರವನ್ನಿಟ್ಟು, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿರೆಂದು ಕೇಳಿ, ಆ ದನಿಗಳನ್ನು ಕೂಡಿಡುವುದು ಅದರ ಕ್ರಮ. ಬರೆದುಕೊಟ್ಟದ್ದನ್ನು ಓದಿಸಿದರೆ ಎಲ್ಲರೂ ಪಂಡಿತರಾಗಿಬಿಡುತ್ತಾರೆ. ಚಿತ್ರ ತೋರಿಸಿದರೆ ಮನೆಯ ಮಾತು ಹೊರಬೀಳುತ್ತದೆ. ಇದು ಜಾಣತನದ ಕ್ರಮ. ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗದವರು ಇಂಥ ಕಾರ್ಯವನ್ನು ಎಂಜಿನಿಯರುಗಳ ಪಾಲಿಗೆ ಬಿಟ್ಟು ಸುಮ್ಮನೆ ಕೂರಬಾರದು. ಜಿಲ್ಲೆ ಜಿಲ್ಲೆಯ ನುಡಿಯ ವ್ಯತ್ಯಾಸ ಬಲ್ಲವರು ಅವರು. ವಿದ್ಯಾರ್ಥಿಗಳನ್ನು ಕಳುಹಿಸಿ, ಅಜ್ಜಿಯರ ದನಿಯನ್ನೂ, ಮುಖ್ಯವಾಗಿ ಮಕ್ಕಳ ದನಿಯನ್ನೂ, ಹೆತ್ತವರ ಒಪ್ಪಿಗೆ ಪಡೆದು ಕೂಡಿಸಿಕೊಡಬೇಕು. ಹತ್ತು ವರ್ಷದವನ ಕೀಚಲು ಕಂಠವನ್ನು ಮೊದಲು ಕೇಳಿಸಿಕೊಂಡದ್ದರಿಂದಲೇ ಅಲ್ಲವೆ ಆ ಕಥೆಯಲ್ಲಿ ಲೋಕ ಉಳಿದದ್ದು?

ಮಡಿವಂತಿಕೆ ಮಾತ್ರ ಬೇಡ. ಸಂಸ್ಥೆಯಿಂದ ಹೊರಟರೆ ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯ ಮೈದಾನ ನಡೆದುಹೋಗುವಷ್ಟೇ ದೂರ. ಅಲ್ಲಿ ಸಂಜೆ ಆಡುವ ಹುಡುಗರು “ಲೋ, ಬಾಲ್ ಥ್ರೋ ಮಾಡೋ, ಬೇಗ!” ಎಂದು ಕೂಗುವುದು ಯಾವ ವ್ಯಾಕರಣಕ್ಕೆ ಸೇರುತ್ತದೆಂದು ಪಂಡಿತರು ಆಮೇಲೆ ತೀರ್ಮಾನಿಸಲಿ. ಆ ಕೂಗಿಗೆ ಮರುಮಾತಿಲ್ಲದೆ ಚೆಂಡೆಸೆಯುವ ಯಂತ್ರ ಬಂದ ದಿನ, ಬೆಲೆ ಎಷ್ಟಾದರೂ ಸರಿ, ಜಾನಿಯದರಂಥ ಒಂದು ಕೈಗಡಿಯಾರವನ್ನು ನಾನೂ ಕೊಂಡೇನು.