ಮನಸ್ಸಿನ ಭಾರಕ್ಕೆ ತಾಯ್ನುಡಿಯ ಕಿವಿ



ಪೊಳ್ಳಾಚಿಯಿಂದ ಆಳಿಯಾರು ದಾಟಿ, 40 ತಿರುವುಗಳ ಘಟ್ಟ ಹತ್ತಿ ವಾಲ್ಪಾರೈಗೆ ದುಡಿಯಲು ಬಂದವರು ನಾವು. ಮಸ್ಟರಿನಲ್ಲಿ ತಮಿಳು, ಎಲೆ ತೂಗುವಲ್ಲಿ ತಮಿಳು, ಮಕ್ಕಳ ಶಾಲೆಯಲ್ಲಿ ತಮಿಳು. ಅದು ನಮಗೆ ಅನ್ನ ಕೊಟ್ಟ ಭಾಷೆ; ಅದರ ಮೇಲೆ ಮುನಿಸಿಲ್ಲ. ಆದರೆ ದೀಪ ಆರಿಸಿದ ಮೇಲೆ ನಾವು ದೇವರೊಡನೆ ಮಾತನಾಡುವುದು ಕನ್ನಡದಲ್ಲಿ.

ಕಳೆದ ಮಳೆಗಾಲದಲ್ಲಿ ನಮ್ಮ ಲೈನಿನ ತಾಯಿಯೊಬ್ಬಳು ಊಟ, ನಿದ್ದೆ ಬಿಟ್ಟಳು, ಕೆಲಸಕ್ಕೂ ಹೋಗದಾದಳು. ಮೈಗಳ್ಳತನ ಎಂದರು ಕೆಲವರು. ವಿಶ್ವಾಸ ಸಾಲದು, ಇನ್ನಷ್ಟು ಪ್ರಾರ್ಥಿಸು ಎಂದವನು ಉಪದೇಶಿಯಾದ ನಾನೇ. ಡಾಕ್ಟರು ತಮಿಳಿನಲ್ಲಿ ಕೇಳಿದರೆ "ತಲೆನೋವು" ಎಂದಷ್ಟೇ ಹೇಳುತ್ತಿದ್ದಳು. ಕೊನೆಗೆ ನೆರೆಮನೆಯ ಅಜ್ಜಿ ಬಳಿ ಕುಳಿತು, "ಏನವ್ವಾ, ಊರು ನೆನಪಾಯ್ತಾ?" ಎಂದಾಗ ಬಿಕ್ಕಿ ಅತ್ತಳು. ತವರಿನಲ್ಲಿ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋಗಲಾಗದ ಸಂಕಟ ಅಂದು ಹೊರಬಂತು. ಆ ಮಾತನ್ನು ಡಾಕ್ಟರಿಗೆ ಮುಟ್ಟಿಸಿದ ಮೇಲೆಯೇ ಸರಿಯಾದ ಚಿಕಿತ್ಸೆ ಶುರುವಾಯಿತು. ನನ್ನ ಮಾತಿಗೆ ನಾನು ನಾಚಿದೆ.

137ನೆಯ ಕೀರ್ತನೆಯನ್ನು ನೆನೆಯಿರಿ. ಬಾಬಿಲೋನಿನ ನದಿಯ ಬಳಿ ಸೆರೆಯಾಳುಗಳು ತಮ್ಮ ಊರನ್ನು ನೆನೆದು ಅತ್ತರು. ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿದರು. ಅವರ ಕಣ್ಣೀರನ್ನು ಧರ್ಮಗ್ರಂಥ ಅವಿಶ್ವಾಸವೆಂದು ತಳ್ಳಲಿಲ್ಲ, ಪ್ರಾರ್ಥನೆಯಾಗಿ ಉಳಿಸಿಕೊಂಡಿತು. ಹಾಗಿರುವಾಗ ಜರೆಯಲು ನಾವು ಯಾರು?

ನಮ್ಮ ಹಿರಿಯರು ಹತ್ತಿದ ಘಟ್ಟವನ್ನು ಇಂದು ಜಾರ್ಖಂಡ್, ಅಸ್ಸಾಮಿನ ಮಕ್ಕಳು ಹತ್ತುತ್ತಿದ್ದಾರೆ. 2023ರ ಮಾರ್ಚಿನಲ್ಲಿ, ಹೊರರಾಜ್ಯದ ಕಾರ್ಮಿಕರನ್ನು ಹೊಡೆಯುತ್ತಿದ್ದಾರೆಂಬ ಸುಳ್ಳು ವಿಡಿಯೋಗಳು ಹರಡಿ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ದುಡಿಯುವವರು ನಡುಗಿದರು. ಬಿಹಾರದಿಂದ ಅಧಿಕಾರಿಗಳ ತಂಡವೇ ಬಂದು ಅವರನ್ನು ಕಂಡು ಮಾತನಾಡಿಸಬೇಕಾಯಿತು. ಒಂಟಿಯಾದವನಿಗೆ ಸುಳ್ಳೂ ಸಿಡಿಲಾಗುತ್ತದೆ; ತನ್ನ ನುಡಿಯಲ್ಲಿ ಕೇಳಿದ ಒಂದು ಮಾತು ಧೈರ್ಯ ಕೊಡುತ್ತದೆ.

ಆದ್ದರಿಂದ ಪ್ರತಿ ಲೈನಿನಲ್ಲಿಯೂ ಒಬ್ಬ ಅಕ್ಕನೋ ಅಣ್ಣನೋ ಕೇಳುವ ಕಿವಿಯಾಗಲಿ. ಭಾಷೆ ಬಾರದವರೊಡನೆ ಆಸ್ಪತ್ರೆಗೆ ಹೋಗುವುದೂ ಸಂಘದ ಕೆಲಸವೇ, ಕೂಲಿಯ ಲೆಕ್ಕ ಕೇಳಿದಷ್ಟೇ ಮುಖ್ಯ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯ ಸಂಖ್ಯೆ 14416. ಹಗಲೂ ರಾತ್ರಿ ಉಚಿತ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಬಾಗಿಲ ಹಿಂದೆ ಬರೆದಿಡಿ. ಸಾಯುವ ಮಾತು ಯಾರ ಬಾಯಲ್ಲಿ ಬಂದರೂ ಅವರನ್ನು ಒಂಟಿಯಾಗಿ ಬಿಡಬೇಡಿ, ಕೂಡಲೇ ಡಾಕ್ಟರ ಬಳಿ ಕರೆದೊಯ್ಯಿರಿ.

ಮಕ್ಕಳಿಗೆ ತಮಿಳು ಚೆನ್ನಾಗಿ ಬರಲಿ. ಅಜ್ಜಿಯೊಡನೆ ಅಳುವಷ್ಟು, ನಗುವಷ್ಟು ಕನ್ನಡವೂ ಇರಲಿ. ಮರಕ್ಕೆ ತೂಗಿದ ಕಿನ್ನರಿಯನ್ನು ಇಳಿಸಿಕೊಡುವ ಕೈ ನಮ್ಮದಾಗಲಿ. ಕರ್ತನ ಶಾಂತಿ ನಿಮ್ಮ ಮನೆಗಳಲ್ಲಿ ನೆಲೆಸಲಿ.