ಸ್ಟೇಟಸ್‌ಗೆ 24 ತಾಸು, ಕೇಸಿಗೆ ವರ್ಷಗಟ್ಟಲೆ

ಕಾಲೇಜಿನ ಗೇಟಿನೊಳಗೆ ಮೊಬೈಲ್ ತರಬಾರದು, ಸಿಕ್ಕಿಬಿದ್ದರೆ ಪಾಲಕರೇ ಬಂದು ಒಯ್ಯಬೇಕು. ಈ ನಿಯಮ ನಮಗೆಲ್ಲ ಬಾಯಿಪಾಠ. ಆದರೆ ಪರೀಕ್ಷೆಯ ವೇಳಾಪಟ್ಟಿ, ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ, ಫಿಸಿಕ್ಸ್ ನೋಟ್ಸ್ ಎಲ್ಲವೂ ಸಂಜೆ ಬರುವುದು ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿಗೇ. ಕೊರೊನಾ ಕಾಲದಲ್ಲಂತೂ ಪಾಠವೇ ಮೊಬೈಲಿನಲ್ಲಿ ಬಂತು.

ನಿಯಮ ತೆಗೆದುಹಾಕಿ ಎಂದು ನಾನು ಕೇಳುತ್ತಿಲ್ಲ. ಬೆಂಚಿನ ಕೆಳಗೆ ರೀಲ್ಸ್ ಓಡಿದರೆ ಪಾಠ ಏನಾಗುತ್ತದೆಂದು ತಿಳಿಯಲು ಚಿಗರಿ ಬಸ್ಸಿನಲ್ಲಿ ಧಾರವಾಡದ ತನಕ ತಲೆ ಎತ್ತದೆ ಕೂತವರನ್ನು ನೋಡಿದರೆ ಸಾಕು. ನವಲೂರು ದಾಟಿದ್ದೂ ಅವರಿಗೆ ಗೊತ್ತಿರುವುದಿಲ್ಲ. ಕಲಿಕೆಗೆ ನೆರವಾಗುವುದಾದರೆ ಮಾತ್ರ ಶಾಲೆಯಲ್ಲಿ ಸ್ಮಾರ್ಟ್‌ಫೋನ್ ಇರಲಿ ಎಂದು ಯುನೆಸ್ಕೊ ಕೂಡ 2023ರ ವರದಿಯಲ್ಲಿ ಹೇಳಿದೆ. ಫೋನು ಬೇಡ, ಸರಿ. ಆದರೆ ಸಾಮಾಜಿಕ ಜಾಲತಾಣದ ಮಾತೇ ಕಾಲೇಜಿನೊಳಗೆ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಾರಣ ನಮ್ಮೂರಿನಲ್ಲೇ ಇದೆ.

2022ರ ಏಪ್ರಿಲ್ 16, ರಂಜಾನ್ ತಿಂಗಳು. ಮುಸ್ಲಿಮರ ಮನಸ್ಸು ನೋಯಿಸುವ ಒಂದು ಚಿತ್ರವನ್ನು ಹಳೇ ಹುಬ್ಬಳ್ಳಿಯಲ್ಲಿ ಯುವಕನೊಬ್ಬ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದ. ದೂರು ಹೋಯಿತು, ಪೊಲೀಸರು ಅವನನ್ನು ಬಂಧಿಸಿದರು. ಆದರೂ ರಾತ್ರಿ ಠಾಣೆಯ ಮುಂದೆ ಜನ ಸೇರಿದರು, ಕಲ್ಲು ಬಿದ್ದವು, ಪೊಲೀಸರಿಗೆ ಗಾಯವಾಯಿತು. ಊರಿಗೆ ನಿಷೇಧಾಜ್ಞೆ ಬಂತು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು, ಯುಎಪಿಎ ಕಾಯ್ದೆಯೂ ಬಿತ್ತು. ಹಲವರು ಜಾಮೀನಿಲ್ಲದೆ ವರ್ಷದ ಮೇಲೆ ಜೈಲಿನಲ್ಲಿ ಕಳೆದರು. 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಪ್ರಕರಣ ಹಿಂಪಡೆಯಲು ಹೊರಟಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಒಂದು ಸ್ಟೇಟಸ್ ಇರುವುದು 24 ತಾಸು ಮಾತ್ರ.

ಯಾರ ತಪ್ಪು ಎಷ್ಟೆಂಬುದನ್ನು ಕೋರ್ಟು ನೋಡಲಿ. ನನ್ನ ಪ್ರಶ್ನೆ ಬೇರೆ. ಅಂಥ ಚಿತ್ರ ರಾತ್ರಿ ಹತ್ತಕ್ಕೆ ಮೊಬೈಲಿಗೆ ಬಂದಾಗ ನಮ್ಮ ವಯಸ್ಸಿನ ಹುಡುಗ ಏನು ಮಾಡಬೇಕೆಂದು ಯಾರು ಹೇಳಿಕೊಟ್ಟಿದ್ದಾರೆ? 'ನೋಡ್ರಿ, ಹೆಂಗ ಹಾಕ್ಯಾನ' ಎಂದು ಸಿಟ್ಟಿನಿಂದ ಸ್ಕ್ರೀನ್‌ಶಾಟ್ ತೆಗೆದು ಹತ್ತು ಗ್ರೂಪಿಗೆ ಕಳಿಸುವವನೂ ಅದೇ ಚಿತ್ರವನ್ನು ಹಂಚುತ್ತಿದ್ದಾನೆ. ಇಷ್ಟು ಸಣ್ಣ ಮಾತು ಯಾವ ಸಿಲೆಬಸ್ಸಿನಲ್ಲೂ ನನಗೆ ಸಿಗಲಿಲ್ಲ.

ದೊಡ್ಡವರ ಉತ್ತರ ನಿಷೇಧ. 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ವಿಚಾರಣೆಯಲ್ಲಿ ನಮ್ಮ ಹೈಕೋರ್ಟಿನ ಪೀಠ, ಶಾಲಾ ಮಕ್ಕಳಿಗೆ ಜಾಲತಾಣ ನಿಷೇಧಿಸಿದರೆ ಒಳ್ಳೆಯದು ಎಂದು ಮೌಖಿಕವಾಗಿ ಹೇಳಿತ್ತು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ನಿಷೇಧಿಸಿಯೇ ಬಿಟ್ಟಿದೆ. ಆದರೆ ಪಿಯುಸಿಯ ನಮ್ಮಲ್ಲಿ ಬಹುತೇಕರಿಗೆ 16 ದಾಟಿದೆ. ಮೇಲಾಗಿ ಆ ಪಟ್ಟಿಯಲ್ಲಿ ವಾಟ್ಸ್ಆ್ಯಪ್ ಇಲ್ಲ! ಹಳೇ ಹುಬ್ಬಳ್ಳಿಯ ಬೆಂಕಿ ಹೊತ್ತಿದ್ದು ಅಲ್ಲಿಂದಲೇ.

ಹುಡುಗಿಯರ ಪಾಡು ಇನ್ನೊಂದು. ಎಷ್ಟೋ ಮನೆಗಳಲ್ಲಿ ನಮಗಿರುವುದು ಅಣ್ಣನ ಫೋನು, ಅದೂ ಅವನು ಕೊಟ್ಟಾಗ. ಯಾರೋ ನಮ್ಮ ಫೋಟೊ ತಿದ್ದಿ ಇನ್‌ಸ್ಟಾಗ್ರಾಂಗೆ ಹಾಕಿದರೆ ಅಮ್ಮಿಗೆ ಹೇಳಲೂ ಹೆದರಿಕೆ: ಮೊದಲು ಫೋನು ಹೋಗುತ್ತದೆ, ಆಮೇಲೆ ಕಾಲೇಜು. ಕಾಲೇಜಿನಲ್ಲಿ ಹೇಳೋಣವೆಂದರೆ 'ನಿನಗ ಅಕೌಂಟ್ ಯಾಕ ಬೇಕಿತ್ತು?' ಎಂಬ ಪ್ರಶ್ನೆ ಎದುರಿಗಿರುತ್ತದೆ. ಹಾಗೆ ಕೇಳದೆ, ಜೊತೆಗೆ ಕೂತು ರಿಪೋರ್ಟ್ ಮಾಡಿಸಿ ಸೈಬರ್ ಠಾಣೆಗೆ ದೂರು ಬರೆಸುವ ಒಬ್ಬ ಮೇಡಂ ಬೇಕು. ಇಡೀ ಲೇಖನದಲ್ಲಿ ಒಂದೇ ಬೇಡಿಕೆ ಈಡೇರುವುದಾದರೆ ನಾನು ಇದನ್ನೇ ಆರಿಸುತ್ತೇನೆ.

ಉಳಿದದ್ದು ಸುಲಭ. ವಾರಕ್ಕೊಂದು ಪಿರಿಯಡ್ ಕಂಪ್ಯೂಟರ್ ಲ್ಯಾಬಿನಲ್ಲಿ ಈ ತಾಣಗಳನ್ನು ತೆರೆಯಲಿ, ಸರ್ ಅಥವಾ ಮೇಡಂ ಎದುರಿಗೇ. ಆ ವಾರ ನಮ್ಮ ಮನೆಗಳಿಗೆ ಬಂದ ಒಂದು ಫಾರ್ವರ್ಡ್ ಎತ್ತಿಕೊಳ್ಳೋಣ. ಚಿತ್ರ ಹಳೆಯದೇ, ಬೇರೆ ಊರಿನದೇ ಎಂದು ಗೂಗಲ್‌ನಲ್ಲಿ ಹುಡುಕೋಣ. ನಮ್ಮ ಪೊಲೀಸ್ ಕಮಿಷನರೇಟ್ ಅದರ ಬಗ್ಗೆ ಏನಾದರೂ ಹೇಳಿದೆಯೇ ನೋಡೋಣ.

ಸಿಲೆಬಸ್ ಮುಗಿಯಬೇಕು, ಸಿಇಟಿ ಹತ್ತಿರ ಬಂತು ಎನ್ನುತ್ತೀರಿ, ಗೊತ್ತು. ಶನಿವಾರ ಕೊನೆಯ ಪಿರಿಯಡ್‌ಗೆ ಲ್ಯಾಬ್ ಖಾಲಿ ಇರುತ್ತದೆ. ಎರಡು ವಾರ ಹೋಗಿ ನೋಡಿ ಬಂದೇ ಬರೆಯುತ್ತಿದ್ದೇನೆ.